ಕಿಲೋ ಲೆಕ್ಕದ ಸಾಹಿತ್ಯ

ನಮ್ಮ ಮನೆಯಲ್ಲಿ ಕಾದಂಬರಿಯ ಗಾತ್ರವನ್ನು ಪುಟಗಳಲ್ಲಿ ಹೇಳುವ ಕ್ರಮ ಇಲ್ಲ, ಕಿಲೋದಲ್ಲಿ ಹೇಳುತ್ತೇವೆ. ಭೈರಪ್ಪನವರ ‘ಪರ್ವ’ ಅಂದರೆ ಹೆಚ್ಚು ಕಡಿಮೆ ಒಂದು ಕಿಲೋ ಬೆಲ್ಲ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಅಂದರೆ ಎರಡು ಕಟ್ಟು ಹಲಸಿನ ಹಪ್ಪಳ. ತೆಳ್ಳಗಿನ ಕವನ ಸಂಕಲನವಾದರೆ ಒಂದು ಹಿಡಿ ಪುನರ್ಪುಳಿ ಸಿಪ್ಪೆ. ಅದಕ್ಕೆ ಯಾರ ತಕರಾರೂ ಇಲ್ಲ. ನಾನು ಕಾವ್ಯಪ್ರೇಮಿ ಎಂದು ಕೆಲವರು ತಪ್ಪು ತಿಳಿದಿರುವುದು ಇದರಿಂದಲೇ.

ಈ ಕೋಷ್ಟಕ ನನ್ನ ಹೆಂಡತಿಯದು. ರಜೆ ಮುಗಿಸಿ ಕತಾರಿಗೆ ಹೊರಡುವ ಹಿಂದಿನ ರಾತ್ರಿ, ಅತ್ತೆಯ ಮನೆಯ ಜಗಲಿಯಲ್ಲಿ, ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ನೇತುಹಾಕಿ ಇವಳು ಇದನ್ನು ಜಾರಿ ಮಾಡುತ್ತಾಳೆ. ವಿಮಾನದವರು ಕೊಡುವ ಕಿಲೋಗಳು ಅಷ್ಟರಲ್ಲಿ ಹಂಚಿಹೋಗಿರುತ್ತವೆ. ಕುಚ್ಚಲಕ್ಕಿಗೆ ಇಷ್ಟು, ಬ್ಯಾಡಗಿ ಮೆಣಸಿಗೆ ಇಷ್ಟು, ಒಣ ಸಿಗಡಿಗೆ ಇಷ್ಟು, ನೆರೆಮನೆಯವರು ತರಲು ಹೇಳಿದ ತೆಂಗಿನೆಣ್ಣೆಗೆ ಇಷ್ಟು. ಉಳಿದದ್ದು ಕನ್ನಡ ಸಾಹಿತ್ಯಕ್ಕೆ. ಉಳಿಯುವುದು ಬಹಳ ಸಲ ಸೂಟ್‌ಕೇಸಿನ ಪಕ್ಕದ ಕಿಸೆ.

“ಕುಚ್ಚಲಕ್ಕಿ ಅಲ್ಲಿ ಸಿಗುದಿಲ್ವಾ ಮಾರಾಯ್ತಿ?” ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ಸಿಗ್ತದೆ. ಊರಿನದ್ದರ ಹಾಗೆ ಇಲ್ಲ. ಪುಸ್ತಕ ಅಲ್ಲಿ ಸಿಗುದಿಲ್ವಾ?”

“ಕನ್ನಡದ್ದು ಇಲ್ಲ.”

“ಮನೆಯಲ್ಲಿ ಇದ್ದದ್ದು ಓದಿ ಆಯ್ತಾ?”

ಈ ಪ್ರಶ್ನೆಗೆ ಉತ್ತರ ಹೇಳುವ ಗಂಡ ಕರ್ನಾಟಕದಲ್ಲೂ ಇಲ್ಲ, ಕತಾರಿನಲ್ಲೂ ಇಲ್ಲ. ನಾನು ‘ಪರ್ವ’ವನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ವಿಮಾನದಲ್ಲಿ ನಾಲ್ಕು ಗಂಟೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನಿದ್ದೆ ಮಾಡಿದೆ.

ನಾವು ಸಂಸಾರ ಹೂಡಿರುವ ಅಲ್ ಖೋರ್ ಇರುವುದು ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಒಂದು ಕಾಲಕ್ಕೆ ಮುತ್ತು ಹೆಕ್ಕುವವರ, ಮೀನು ಹಿಡಿಯುವವರ ಊರು. ಇನ್ನೂ ಉತ್ತರಕ್ಕೆ ಹೋದರೆ ರಾಸ್ ಲಫಾನಿನ ಅನಿಲ ಸ್ಥಾವರಗಳು. ಅಲ್ಲಿ ದುಡಿದು ಇಲ್ಲಿ ಸಂಸಾರ ಮಾಡುವ ನಮ್ಮಂಥವರಿಗೆ ಬೇಕಾದದ್ದೆಲ್ಲ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಉಂಟು. ಬಾಳೆಲೆ ಉಂಟು, ನುಗ್ಗೆಕಾಯಿ ಉಂಟು, ಸೀಸನ್ನಿನಲ್ಲಿ ಹಲಸಿನ ಹಣ್ಣೂ ಉಂಟು. ‘ತರಂಗ’ ಮಾತ್ರ ಇಲ್ಲ.

ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಮಲಯಾಳಿ ಮಿತ್ರ ದಿನಾ ‘ಗಲ್ಫ್ ಮಾಧ್ಯಮಂ’ ಬಿಡಿಸುತ್ತಾರೆ. ಬಿಸಿ ಬಿಸಿ, ಅಂದಿನದ್ದೇ ಪತ್ರಿಕೆ. ನಾನೂ ಬಿಟ್ಟುಕೊಡುವವನಲ್ಲ, ಚೀಲದಿಂದ ಮೂರು ತಿಂಗಳು ಹಳೆಯ ‘ಸುಧಾ’ ತೆಗೆಯುತ್ತೇನೆ. ಹಳೆಯ ವಾರಪತ್ರಿಕೆಗೆ ಒಂದು ದೊಡ್ಡ ಅನುಕೂಲ ಉಂಟು. ಊರಿನಲ್ಲಿ ವಾರಭವಿಷ್ಯ ಓದಿದವರು ಅದು ನಿಜವಾಗುತ್ತದೋ ಎಂದು ಏಳು ದಿನ ಕಾಯಬೇಕು. ನನಗೆ ಓದಿದ ಕೂಡಲೇ ಗೊತ್ತಾಗುತ್ತದೆ. ನನ್ನ ರಾಶಿಗೆ ಧನಲಾಭ, ಗೃಹದಲ್ಲಿ ನೆಮ್ಮದಿ ಎಂದು ಬರೆದಿದ್ದ ವಾರ ನಮ್ಮ ವಾಷಿಂಗ್ ಮೆಷಿನ್ ಕೆಟ್ಟಿತ್ತು, ಇವಳ ಮಾತೂ ನಿಂತಿತ್ತು. ಎರಡನೆಯದನ್ನು ನೆಮ್ಮದಿಯ ಲೆಕ್ಕಕ್ಕೆ ಸೇರಿಸಿದರೆ ಜ್ಯೋತಿಷಿಗಳದ್ದು ಅರ್ಧ ಸರಿ.

ಧಾರಾವಾಹಿಯ ಕಷ್ಟ ಬೇರೆ. ಯಾರೋ ತಂದುಕೊಟ್ಟ ನಾಲ್ಕು ಸಂಚಿಕೆ, ನಡುವೆ ಆರು ಸಂಚಿಕೆ ಇಲ್ಲ, ಮತ್ತೆ ಎರಡು. ಒಂದರಲ್ಲಿ ನಾಯಕಿ ಮದುವೆ ಬೇಡವೆಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಮುಂದೆ ನನ್ನ ಕೈಗೆ ಸಿಕ್ಕಿದ್ದರಲ್ಲಿ ಅವಳ ಮಗುವಿಗೆ ಹಲ್ಲು ಬರುತ್ತಿತ್ತು. ವರ ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.

1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ಮಣಿಪಾಲದಿಂದ ‘ತರಂಗ’. ನಮ್ಮ ಪ್ರಾಯದವರು ಓದು ಕಲಿತದ್ದು ಇವುಗಳಲ್ಲಿ. ನಮ್ಮ ಮನೆಗೆ ‘ತರಂಗ’ ಬಂದರೆ ಅಪ್ಪ ಸಂತೋಷಕುಮಾರ ಗುಲ್ವಾಡಿಯವರ ‘ಅಂತರಂಗ ಬಹಿರಂಗ’ ಓದಿ ಮುಗಿಸುವವರೆಗೆ ಉಳಿದವರು ಮುಟ್ಟುವಂತಿರಲಿಲ್ಲ. ಆಮೇಲೆ ಅಮ್ಮ, ಆಮೇಲೆ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆ. ನನ್ನ ಕೈಗೆ ಬರುವಾಗ ಪದಬಂಧ ತುಂಬಿರುತ್ತಿತ್ತು, ಅದೂ ತಪ್ಪು ತಪ್ಪಾಗಿ. ಈಗಿನ ವಾರಪತ್ರಿಕೆಗಳು ಆಗಿನದಕ್ಕಿಂತ ತೆಳ್ಳಗಾಗಿವೆ, ಒಳ್ಳೆಯ ಕಥೆಗೆ ಜಾಗ ಕಡಿಮೆಯಾಗಿದೆ ಎಂದು ನಾನು ಆಗಾಗ ದುಃಖಪಡುವುದುಂಟು. ಇವಳಿಗೆ ಅದರಲ್ಲಿ ದುಃಖವಿಲ್ಲ. “ತೆಳ್ಳಗಾದ್ರೆ ಒಳ್ಳೇದೇ ಅಲ್ವಾ, ಎರಡು ಹೆಚ್ಚು ತರ್ಬಹುದು.”

ತೆಳ್ಳಗಾಗದೆ ಉಳಿದಿರುವುದು ದೀಪಾವಳಿ ವಿಶೇಷಾಂಕ. ಅದನ್ನು ಒಮ್ಮೆ ವಿಶ್ವಕಪ್ಪಿನ ದಾರಿಯಲ್ಲಿ ತರಿಸಿಕೊಂಡ ಕೀರ್ತಿ ನನ್ನದು. 2022ರ ನವೆಂಬರ್ 20ರಂದು ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯ ನಡೆದದ್ದು ನಮ್ಮ ಅಲ್ ಖೋರಿನಲ್ಲೇ, ಡೇರೆಯ ಆಕಾರದಲ್ಲಿ ಕಟ್ಟಿದ ಅಲ್ ಬೈತ್ ಸ್ಟೇಡಿಯಂನಲ್ಲಿ. ಇಡೀ ಜಗತ್ತು ನಮ್ಮ ಊರಿನ ಕಡೆ ನೋಡುತ್ತಿತ್ತು. ನಾನು ನೋಡುತ್ತಿದ್ದದ್ದು ಪಂದ್ಯಕ್ಕೆಂದು ಮಂಗಳೂರಿನಿಂದ ಬರುತ್ತಿದ್ದ ಬಾವನ ದಾರಿಯನ್ನು. ದೀಪಾವಳಿ ಕಳೆದು ಒಂದು ತಿಂಗಳೂ ಆಗಿರಲಿಲ್ಲ, ವಿಶೇಷಾಂಕ ಇನ್ನೂ ಹಸಿಯಾಗಿತ್ತು. ಬಾವ ತಂದರು. ಅದರ ಜತೆ ಇವಳಿಗೆಂದು ಒಣ ಬಂಗುಡೆಯನ್ನೂ ತಂದರು, ಒಂದೇ ಚೀಲದಲ್ಲಿ.

ಸಂಜೆ ಬಾವ, ಮಕ್ಕಳು ಎಲ್ಲ ಸ್ಟೇಡಿಯಂಗೆ ಹೋದರು. ನಾನು ಸೋಫಾದಲ್ಲಿ ಕಾಲು ಚಾಚಿ ಬಹುಮಾನ ಬಂದ ಕಥೆ ಹಿಡಿದೆ. ಹೊರಗೆ ಪಟಾಕಿ ಸಿಡಿಯುತ್ತಿತ್ತು. ಕಥೆ ಚೆನ್ನಾಗಿತ್ತು, ಕೊನೆಯ ಪುಟದವರೆಗೆ. ಕೊನೆಯ ಪುಟದ ಮೇಲೆ ಬಂಗುಡೆಯ ಎಣ್ಣೆ ಇಳಿದು ಅಕ್ಷರ ಒಂದರ ಬೆನ್ನಿಗೆ ಇನ್ನೊಂದು ಮೂಡಿ ಕೂತಿತ್ತು. ಕತಾರ್ ತಂಡ ಈಕ್ವೆಡಾರಿಗೆ 2–0ಯಲ್ಲಿ ಸೋತು ಎಲ್ಲರೂ ಜೋಲು ಮುಖದಲ್ಲಿ ಮನೆಗೆ ಬಂದಾಗ ನನ್ನ ಮುಖವೂ ಹಾಗೇ ಇತ್ತು. ಪಾಪ, ಅಳಿಯನಿಗೂ ಫುಟ್‌ಬಾಲ್ ಅಂದರೆ ಎಷ್ಟು ಪ್ರೀತಿ ಎಂದು ಅತ್ತೆ ಫೋನಿನಲ್ಲಿ ಕೊಂಡಾಡಿದರು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಆಗ ನನ್ನ ಎದೆ ಎರಡು ಇಂಚು ಉಬ್ಬಿತು. ಕನ್ನಡಕ್ಕೆ ಬಂದ ಮೊದಲ ಬುಕರ್; ಸಣ್ಣಕಥೆಗಳ ಸಂಕಲನಕ್ಕೆ ಆ ಬಹುಮಾನ ಸಿಕ್ಕಿದ್ದೂ ಅದೇ ಮೊದಲು. ಬಸ್ಸಿನಲ್ಲಿ ಮಲಯಾಳಿ ಮಿತ್ರನಿಗೆ ಖರ್ಜೂರ ಹಂಚಿದೆ. ಅವರು ಸಂತೋಷಪಟ್ಟು, “ಯಾವ ಕಥೆ ಒಳ್ಳೆಯದುಂಟು?” ಎಂದು ಕೇಳಿದರು. ಅವರು ಹಾಗೆ ಕೇಳಬಾರದಿತ್ತು. “ಎಲ್ಲವೂ” ಎಂದೆ.

ಆ ರಾತ್ರಿಯೇ ಓದೋಣವೆಂದು ಮನೆಗೆ ಬಂದರೆ, ಹೈಸ್ಕೂಲಿನಲ್ಲಿರುವ ಮಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನು ಆಗಲೇ ಇಳಿಸಿಕೊಂಡು ಅರ್ಧ ಮುಗಿಸಿದ್ದಳು. ಅವಳಿಗೆ ಕನ್ನಡ ಓದಲು ಬರುವುದು ಬಸ್ಸಿನ ಬೋರ್ಡಿನಷ್ಟು. ಆದರೂ ಕನ್ನಡ ಕಥೆಗಳ ಬಗ್ಗೆ ಅವಳು ಹೇಳಿದಳು, ನಾನು ಕೇಳಿಸಿಕೊಂಡೆ. 1990ರಿಂದ 2023ರವರೆಗೆ ಬರೆದವುಗಳಲ್ಲಿ ಆರಿಸಿದ 12 ಕಥೆಗಳು, ಮಸೀದಿಯ ಮುತವಲ್ಲಿಯ ಬಾಗಿಲಿಗೆ ನ್ಯಾಯ ಕೇಳಿಕೊಂಡು ಹೋಗುವ ಹೆಂಗಸರು, ನಗಿಸುತ್ತಾ ನಗಿಸುತ್ತಾ ಚುಚ್ಚುವ ಮಾತು. ಗೋಬಿ ಮಂಚೂರಿಯ ಹುಚ್ಚು ಹಿಡಿದ ಒಬ್ಬ ಅರೇಬಿಕ್ ಮೇಷ್ಟ್ರ ಕಥೆಯೂ ಉಂಟೆಂದಳು. ಆ ಮನುಷ್ಯನಿಗೆ ಗೋಬಿ ಮಾಡಿ ಹಾಕುವ ಹೆಂಡತಿಯೇ ಬೇಕಂತೆ.

ಅಡುಗೆಮನೆಯಿಂದ ಇವಳು ಹೇಳಿದಳು, “ಅವನಿಗೆ ಗೋಬಿ, ಇವರಿಗೆ ಪುಸ್ತಕ. ಗೋಬಿಯಾದ್ರೆ ತಿಂದಾದ್ರೂ ಮುಗೀತದೆ.”

ಕನ್ನಡದ ಪ್ರತಿ ಎರಡು ತಿಂಗಳ ಮೇಲೆ ಊರಿನಿಂದ ಬಂತು. ಕೊರಿಯರಿಗೆ ಕೊಟ್ಟದ್ದು ಪುಸ್ತಕದ ಬೆಲೆಗಿಂತ ಹೆಚ್ಚು. ಅದನ್ನು ಮೊದಲು ಓದಿದ್ದೂ ನಾನಲ್ಲ, ಇವಳು. ಆ ಸೆಪ್ಟೆಂಬರಿನಲ್ಲಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟಿಸುವುದನ್ನು ನಾವು ಫೋನಿನಲ್ಲಿ ನೋಡುವಾಗ, ಮನೆಯಲ್ಲಿ ಅವರನ್ನು ಓದದೇ ಉಳಿದಿದ್ದ ಅಕ್ಷರಸ್ಥ ನಾನೊಬ್ಬನೇ.

ಅದೇ ವಾರ, 24ರಂದು, ಭೈರಪ್ಪನವರು ತೀರಿಕೊಂಡರು. ನಮ್ಮ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಎಲ್ಲರೂ ತಮಗೆ ಪ್ರಿಯವಾದ ಕಾದಂಬರಿಯ ಹೆಸರು ಬರೆಯತೊಡಗಿದರು. ‘ಗೃಹಭಂಗ’ ಎಂದರು, ‘ಸಾರ್ಥ’ ಎಂದರು. ‘ಆವರಣ’ ಎಂದು ಒಬ್ಬರು ಬರೆದದ್ದೇ ಜಗಳ ಶುರುವಾಯಿತು. ಅವರು ಇದ್ದಾಗಲೂ ಹಾಗೇ ತಾನೆ. ಪುಸ್ತಕದವರು ಎಂದು ಹೆಸರಾದ ನಾನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ‘ಮಂದ್ರ’ದ ಬಗ್ಗೆ ನಾಲ್ಕು ಸಾಲು ಬರೆದೆ. ಸಂಗೀತ, ಕಲಾವಿದನ ಒಳಗಿನ ಇಬ್ಬಂದಿತನ, ಸರಸ್ವತಿ ಸಮ್ಮಾನ, ಎಲ್ಲ ಸೇರಿಸಿದೆ. ಹೃದಯದ ಚಿತ್ರಗಳು ಬಂದವು. ಇವಳು ಕಪಾಟಿನ ಬಳಿ ಹೋಗಿ ‘ಮಂದ್ರ’ ತೆಗೆದು ನನ್ನ ಮುಂದೆ ಇಟ್ಟಳು. ಅಂಗಡಿಯವರು ಹಾಕಿದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಒಳ್ಳೆಯದಿತ್ತು.

ಭೈರಪ್ಪನವರಲ್ಲಿ ನಾನು ನಿಜವಾಗಿ ಓದಿ ಮುಗಿಸಿದ್ದು ‘ಕವಲು’. 2010ರಲ್ಲಿ ಬಂದಾಗ ಹೆಣ್ಣುಮಕ್ಕಳ ಚಿತ್ರಣದ ವಿಚಾರದಲ್ಲಿ ದೊಡ್ಡ ವಿವಾದವೇ ಆಯಿತಲ್ಲ, ಅದು. ಓದಿದ್ದಕ್ಕಿಂತ ಅದನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಡ್ಯೂಟಿಗೆ ಹೋದದ್ದು ಹೆಚ್ಚು ನೆನಪಿದೆ. ಸಂಜೆ ಬರುವಾಗ ಪುಸ್ತಕ ಮುಚ್ಚಿತ್ತು, ಒಲೆಯೂ ಆರಿತ್ತು. “ಅದರಲ್ಲಿ ಬರುವ ಗಂಡಸರಿಗೆ ಯಾರು ಅಡುಗೆ ಮಾಡಿ ಹಾಕ್ತಾರೋ, ಅವರ ಹತ್ರವೇ ಕೇಳಿ” ಎಂದಳು. ಗಲ್ಫಿನಲ್ಲಿ ಸಂಸಾರ ಮಾಡುವ ಗೆಳೆಯರಿಗೆ ನನ್ನ ಸಲಹೆ: ‘ಕವಲು’ ಓದುವುದಿದ್ದರೆ ರಾತ್ರಿ ಪಾಳಿಯಲ್ಲಿ ಓದಿ, ಲಾಕರಿನಲ್ಲಿ ಇಟ್ಟು ಬನ್ನಿ.

‘ತೇಜೋ ತುಂಗಭದ್ರಾ’ದ ವಿಷಯ ಬೇರೆ. ಅದನ್ನು ನಾನು ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದೇನೆ, ಆಣೆ ಮಾಡುತ್ತೇನೆ. ಲಿಸ್ಬನ್, ಗೋವಾ, ವಿಜಯನಗರ ಸೀಮೆ, ನಡುವೆ ಹಡಗು. ಹೊಸಗಾಲದ ಕನ್ನಡ ಕಾದಂಬರಿಗಳಲ್ಲಿ ಇಷ್ಟು ದೂರ ಕಣ್ಣು ಹಾಯಿಸಿದ್ದು ಕಡಿಮೆ. ಅದನ್ನು ಮುಗಿಸಿದ ವಾರ ಅಲ್ ಖೋರಿನ ಸಮುದ್ರತೀರದಲ್ಲಿ ನಡೆಯುವಾಗ ನನಗೆ ಆವೇಶ ಬಂತು. “ನೋಡು, ವಿಜಯನಗರದ ಸೈನ್ಯಕ್ಕೆ ಅರಬಿ ಕುದುರೆ ಹೋಗ್ತಿದ್ದದ್ದು ಇದೇ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದಾಟಿ. 1515ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಆ ಹೊರ್ಮುಜ್ ಹಿಡಿದ. ಅಂದ್ರೆ ಕೃಷ್ಣದೇವರಾಯನ ಕುದುರೆ ಲಾಯದ ಬೀಗದಕೈ ಈ ನೀರಿನ ಮೇಲೆ...”

“ಕುದುರೆ ಮತ್ತೆ ನೋಡುವ. ಅಲ್ಲಿ ದೋಣಿ ಬಂತು, ಅಂಜಲ್ ಎಷ್ಟು ಹೇಳ್ತಾರೆ ಕೇಳಿ.”

ಕೇಳಿದೆ. ದುಬಾರಿ ಇತ್ತು. ಅಲ್ಬುಕರ್ಕನ ವಿಷಯ ಅಲ್ಲಿಗೇ ನಿಂತಿತು.

ದೋಹಾದಲ್ಲಿ ಕತಾರ್ ರಾಷ್ಟ್ರೀಯ ಗ್ರಂಥಾಲಯ ಉಂಟು. ರೆಮ್ ಕೂಲ್‌ಹಾಸ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕೆಲಸ, ಜನರಿಗೆ ಬಾಗಿಲು ತೆರೆದದ್ದು 2017ರಲ್ಲಿ. ಕಂಬಗಳ ಕಾಡಿಲ್ಲ, ಗೋಡೆಗಳ ಅಡ್ಡಿಯಿಲ್ಲ, ಒಂದೇ ಚಾವಣಿಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ. ಅಲ್ಲಿಗೆ ಮನೆಯಿಂದ ಹಳೆಯ ‘ಮಯೂರ’ ಕಟ್ಟಿಕೊಂಡು ಹೋಗಿ, ಕುರ್ಚಿ ಹುಡುಕಿ, ಗಂಭೀರವಾಗಿ ಓದಿದವನು ನಾನೊಬ್ಬನೇ ಇರಬೇಕು. ಕಾಫಿ ಚೆನ್ನಾಗಿದೆ ಎಂಬುದು ಇವಳ ಅಭಿಪ್ರಾಯ.

ಈಗ ನನ್ನ ಮಹಾಕಾದಂಬರಿಯ ಸಂಗತಿ. ಬೆನ್ಯಾಮಿನ್ ಅವರ ‘ಆಡುಜೀವಿತಂ’ ಸಿನಿಮಾ 2024ರಲ್ಲಿ ಬಂದಾಗ ಬಸ್ಸಿನ ತುಂಬ ಅದೇ ಮಾತು. ಕಾದಂಬರಿ ಬಂದದ್ದು 2008ರಲ್ಲಿ. ಸೌದಿಯ ಮರುಭೂಮಿಯಲ್ಲಿ ಆಡು ಕಾಯುತ್ತಾ ಸಿಕ್ಕಿಬಿದ್ದ ಮಲಯಾಳಿಯ ಕಥೆ. “ಗಲ್ಫಿನ ಬಗ್ಗೆ ನಿಮ್ಮ ಕನ್ನಡದಲ್ಲಿ ಯಾವುದುಂಟು?” ಎಂದು ಮಿತ್ರ ಕೇಳಿದರು. ಮಂಗಳೂರು, ಉಡುಪಿ, ಭಟ್ಕಳದಿಂದ ತಲೆಮಾರುಗಳಿಂದ ಜನ ಇಲ್ಲಿಗೆ ಬರುತ್ತಿದ್ದಾರೆ. ಆದರೂ ‘ಆಡುಜೀವಿತಂ’ನಷ್ಟು ಸದ್ದು ಮಾಡಿದ ಗಲ್ಫ್ ಕಾದಂಬರಿ ಕನ್ನಡದಲ್ಲಿ ಬಂದಿಲ್ಲ ಎಂಬುದು ಸತ್ಯ. ಅಮೆರಿಕದ ಮಿನೆಸೋಟದಲ್ಲಿ ವೈದ್ಯರಾಗಿರುವ ಗುರುಪ್ರಸಾದ್ ಕಾಗಿನೆಲೆ ಅಲ್ಲಿಗೆ ವಲಸೆ ಬಂದವರನ್ನು ನೋಡಿ ‘ಹಿಜಾಬ್’ ಬರೆದರು. ರೋಗಿಗಳ ನಡುವೆ ಅವರಿಗೆ ಬಿಡುವು ಸಿಕ್ಕಿತು, ಪಾಳಿ ಮುಗಿಸಿ ಬಂದು ಫೋನ್ ಉಜ್ಜುವ ನಮಗೆ ಸಿಗಲಿಲ್ಲ. ಈ ಕೊರತೆಯನ್ನು ನಾನೇ ತುಂಬುತ್ತೇನೆ ಎಂದು ಅಂದೇ ಮನೆಯಲ್ಲಿ ಘೋಷಿಸಿದೆ.

“ಅದರಲ್ಲಿ ನಾಯಕ ಎಂತ ಮಾಡ್ತಾನೆ?” ಎಂದು ಮಗಳು ಕೇಳಿದಳು.

“ಅನಿಲ ಸ್ಥಾವರದಲ್ಲಿ ವಾಲ್ವ್ ನೋಡಿಕೊಳ್ತಾನೆ.”

“ಮತ್ತೆ?”

“ಸಂಜೆ ಎಸಿ ಬಸ್ಸಿನಲ್ಲಿ ಮನೆಗೆ ಬರ್ತಾನೆ.”

“ಬಂದು ಅಂಜಲ್ ಫ್ರೈ ತಿಂತಾನೆ, ಮಲಗ್ತಾನೆ” ಎಂದು ಇವಳು ಕಾದಂಬರಿ ಮುಗಿಸಿದಳು. “ಇಷ್ಟು ಸುಖ ಇದ್ರೆ ಯಾರು ಓದ್ತಾರೆ ಮಾರಾಯ್ರೆ? ಒಂದು ಆಡಾದ್ರೂ ಬೇಡ್ವಾ?”

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶೀರ್ಷಿಕೆ ಬರೆದಾಗಿದೆ. ಎರಡನೆಯ ಪುಟದಿಂದ ಹಾಲಿನವನ ಲೆಕ್ಕ, ದೋಬಿ ಲೆಕ್ಕ.

ಹೀಗಿದ್ದೂ ಅಲ್ ಖೋರಿನ ಕನ್ನಡಿಗರಲ್ಲಿ ನನಗೆ ವಿಮರ್ಶಕನ ಸ್ಥಾನ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಶುಕ್ರವಾರ ರಜೆಯ ದಿನ ಯಾರದಾದರೂ ಮನೆಯಲ್ಲಿ ನೀರುದೋಸೆಗೆ ಸೇರುತ್ತೇವೆ. ದೋಸೆ ಮುಗಿದ ಮೇಲೆ “ಹೊಸತು ಎಂತ ಓದಿದ್ರಿ?” ಎಂದು ಯಾರಾದರೂ ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುತ್ತೇನೆ. ಸರಕು ಇವಳದು. ರಾತ್ರಿ ಪಾತ್ರೆ ತೊಳೆಯುತ್ತಾ ಇವಳು ಆಡಿದ ಮಾತನ್ನು ನಾನು ಸಾಹಿತ್ಯದ ಭಾಷೆಗೆ ತಿರುಗಿಸುತ್ತೇನೆ, ಅಷ್ಟೇ ನನ್ನ ಕಸುಬು. “ಓದ್ತಾ ಓದ್ತಾ ಅನ್ನ ಸೀದು ಹೋಯ್ತು” ಎಂದು ಇವಳು ಹೇಳಿದರೆ, “ಕಥನದ ಓಘ ಅಸಾಧಾರಣ” ಎನ್ನುತ್ತೇನೆ. “ಇವನಿಗೆ ಹೆಂಗಸರ ವಿಷಯ ಎಂತದೂ ಗೊತ್ತಿಲ್ಲ” ಎಂದರೆ, “ಸ್ತ್ರೀಪಾತ್ರಗಳ ಅಂತರಂಗಕ್ಕೆ ಲೇಖಕರು ಇಳಿಯುವುದಿಲ್ಲ” ಎನ್ನುತ್ತೇನೆ. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಓದಿ, “ಈ ಗಂಡ ಹೇಳುದನ್ನು ಪೂರ್ತಿ ನಂಬ್ಲಿಕ್ಕೆ ಆಗುದಿಲ್ಲ, ನಿಮ್ಮ ಹಾಗೇ” ಎಂದಿದ್ದಳು. ಕೊನೆಯ ಎರಡು ಪದ ಬಿಟ್ಟು ಉಳಿದದ್ದನ್ನು ಅರ್ಧ ಗಂಟೆ ವಿಸ್ತರಿಸಿದೆ. ಆ ದಿನ ಎರಡು ದೋಸೆ ಹೆಚ್ಚು ಬಂತು.

ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು, ಬುಕರ್ ಹಣದ ಸುದ್ದಿ ಇವಳ ಕಿವಿಗೆ ಬೀಳುವವರೆಗೆ. 50,000 ಪೌಂಡ್, ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. “ನೋಡಿ, ಕೆಲಸ ಮಾಡಿದವರಿಗೆ ಸಮಪಾಲು ಕೊಡುವ ಪದ್ಧತಿ ಅಲ್ಲೆಲ್ಲ ಉಂಟು” ಎಂದಳು. ನಮ್ಮಲ್ಲಿ ಮೂಲ ಅವಳದು, ಅನುವಾದ ಮಾತ್ರ ನನ್ನದು ಎಂಬುದನ್ನೂ ನೆನಪಿಸಿದಳು. ಮುಂದಿನ ಶುಕ್ರವಾರ ತಾನೇ ಮಾತಾಡಿದಳು. ಹತ್ತೇ ನಿಮಿಷ, ಒಂದೂ ದೊಡ್ಡ ಪದವಿಲ್ಲ. ಎಲ್ಲರೂ ಕೇಳಿದರು, ಕೆಲವರು ಪುಸ್ತಕವನ್ನು ಎರವಲೂ ಕೇಳಿದರು. ನನ್ನ ಇಷ್ಟು ವರ್ಷಗಳ ವಿಮರ್ಶೆಗೆ ಯಾರೂ ಒಂದು ಪುಸ್ತಕ ಎರವಲು ಕೇಳಿರಲಿಲ್ಲ. ಅಂದಿನಿಂದ ಪಾತ್ರೆ ತೊಳೆಯುವಾಗ ಇವಳು ಸಾಹಿತ್ಯ ಮಾತಾಡುವುದನ್ನು ನಿಲ್ಲಿಸಿದ್ದಾಳೆ. ಪಾತ್ರೆ ನಾನು ತೊಳೆಯುತ್ತೇನೆ.

ಹಾಗಾಗಿ ಈಗ ನನಗೆ ಉಳಿದಿರುವುದು ಪುಸ್ತಕದ ಬೆನ್ನುಡಿಯೊಂದೇ. ಕನ್ನಡದ ಪ್ರಕಾಶಕರಲ್ಲಿ ಕೈಮುಗಿದು ಕೇಳುತ್ತೇನೆ: ‘ಮನುಷ್ಯ ಸಂಬಂಧಗಳ ಸಂಕೀರ್ಣತೆಯನ್ನು ಶೋಧಿಸುವ ಕೃತಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು, ಆಸ್ತಿ ಕೊನೆಗೆ ಯಾರಿಗೆ ಹೋಯಿತು, ಇಷ್ಟನ್ನಾದರೂ ಹಾಕಿಸಿ. ಶುಕ್ರವಾರ ನಾಲ್ಕು ಜನರ ಮುಂದೆ ನಾನು ಮಾತಾಡಬೇಕು.